ಹದಿನೇಳನೆಯ ಪ್ರಶ್ನೆಗೆ ನಾಲ್ಕು ಕಡಲೆಕಾಯಿ

ತಾವರೆಕೆರೆಯ ಆರೋಗ್ಯ ಕೇಂದ್ರಕ್ಕೆ ಆ ದಪ್ಪ ಲಕೋಟೆ ಬಂದದ್ದು ಅದು ಮೂರನೆಯ ಸಲ. ಪಟಾಲಮ್ಮ ಸಹಿ ಹಾಕಿ ಇಸಿದುಕೊಂಡಳು, ಒಡೆಯಲಿಲ್ಲ. ಲಸಿಕೆ ಡಬ್ಬಿಯ ಜೊತೆಗೆ ಚೀಲದಲ್ಲಿಟ್ಟುಕೊಂಡು ಎರಡು ದಿನ ಊರೂರು ತಿರುಗಿದಳು. ನರ್ಸಮ್ಮನಾಗಿ ಇಪ್ಪತ್ತೆಂಟು ವರ್ಷ ನಡೆದ ಕಾಲು ಅವು. ಒಂದು ಕಾಗದ ಓದುವುದಕ್ಕೂ ಈಗ ಅವಳಿಗೆ ಮೊದಲು ಎಲ್ಲಾದರೂ ಕೂರಬೇಕಿತ್ತು, ಕೂತರೆ ಏಳುವುದು ಯಾವಾಗ ಎಂಬ ಯೋಚನೆ ಹತ್ತುತ್ತಿತ್ತು.

ಕೊನೆಗೆ ಒಡೆದದ್ದು ಕೇಂದ್ರದ ಗುಮಾಸ್ತ ಬೈಲಪ್ಪ. ಅವಳ ಕೇರಿಯವನೇ, ವಯಸ್ಸಿನಲ್ಲಿ ಚಿಕ್ಕವನು, ಬಾಯಿ ಮಾತ್ರ ದೊಡ್ಡದು.

"ಹನ್ನೊಂದು ಜನ ತಜ್ಞರು, ಹನ್ನೆರಡನೇದು ನಮ್ ಪಟಾಲಕ್ಕ. ಇನ್ಮೇಲೆ ನಿನ್ ಕೈಲಿ ಸೂಜಿ ಚುಚ್ಚಿಸ್ಕಳಾಕೂ ಭಯ ಆಯ್ತದೆ ಕಣಕ್ಕ" ಅಂದ.

ವಿಷಯ ಇಷ್ಟು. ದೇಶಕ್ಕೆಲ್ಲ ಒಂದು ಆರೋಗ್ಯದ ಲೆಕ್ಕ ತೆಗೆಯಬೇಕೆಂದು ದೆಹಲಿಯಲ್ಲಿ ಯಾರಿಗೋ ಅನ್ನಿಸಿತ್ತು. ಡಾಕ್ಟರು ನಾಡಿ ಹಿಡಿದು ಹೇಳುವ ಲೆಕ್ಕವಲ್ಲ. ಕಾಯಿಲೆ ಬಿದ್ದವರೇ ತಮ್ಮ ಬಾಯಿಂದ ತಮ್ಮ ಮೈಯ ಸ್ಥಿತಿ ಹೇಳಬೇಕು, ಅದನ್ನು ಅಳೆಯಬೇಕು. ಅದಕ್ಕೆ ಯಾವ ಯಾವ ಪ್ರಶ್ನೆ ಕೇಳುವುದು ಎಂದು ಪ್ರತಿ ರಾಜ್ಯದಲ್ಲೂ ಒಂದು ಮಂಡಲಿ ಕೂತಿತ್ತು. ನಮ್ಮ ಕಡೆಯ ಮಂಡಲಿಯಲ್ಲಿ ಹನ್ನೆರಡು ಜನ. ಇಪ್ಪತ್ತೈದು ವರ್ಷ ಹಳ್ಳಿಯಲ್ಲಿ ದುಡಿದ ಒಬ್ಬರು ಇರಲೇಬೇಕೆಂಬ ನಿಯಮವಿದ್ದದ್ದರಿಂದ, ಯಾರೋ ಹಳೆಯ ಸೇವಾ ಪುಸ್ತಕಗಳನ್ನು ತಿರುವಿ ಪಟಾಲಮ್ಮನ ಹೆಸರು ಹಿಡಿದಿದ್ದರು.

ಕೆಲಸವೆಲ್ಲ ಅಂಚೆಯಲ್ಲೇ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಪ್ರಶ್ನೆಗಳ ಪಟ್ಟಿ ಬರುತ್ತದೆ. ಒಂದೊಂದಕ್ಕೂ ಒಂದರಿಂದ ಒಂಬತ್ತರವರೆಗೆ ಅಂಕ ಹಾಕಿ ಕಳಿಸಬೇಕು. ಹನ್ನೆರಡರಲ್ಲಿ ಒಂಬತ್ತು ಜನ ಏಳೋ ಅದಕ್ಕಿಂತ ಹೆಚ್ಚೋ ಕೊಟ್ಟರೆ ಪ್ರಶ್ನೆ ಉಳಿಯುತ್ತದೆ. ಇಲ್ಲದಿದ್ದರೆ ಮಿಕ್ಕವರು ಏನು ಹಾಕಿದರೆಂಬ ಲೆಕ್ಕದ ಜೊತೆ ಮತ್ತೆ ಬರುತ್ತದೆ, ಮನಸ್ಸು ಬದಲಾಯಿಸುವವರು ಬದಲಾಯಿಸಬಹುದು. ಮೊದಲ ಸಲ ಅರವತ್ತನಾಲ್ಕು ಪ್ರಶ್ನೆ ಇದ್ದವು. ಈಗ ಇಪ್ಪತ್ತನಾಲ್ಕಕ್ಕೆ ಇಳಿದಿದ್ದವು. ಅವುಗಳಲ್ಲೂ ಐದರ ಬಗ್ಗೆ ಒಮ್ಮತ ಕೂಡಿರಲಿಲ್ಲ. ಆ ಐದಕ್ಕೆ ಎಲ್ಲರೂ ಮಧುಗಿರಿಯ ಪ್ರವಾಸಿ ಮಂದಿರದಲ್ಲಿ ಎದುರೆದುರು ಕೂತು ತೀರ್ಮಾನ ಮಾಡತಕ್ಕದ್ದೆಂದು ಮೂರನೆಯ ಲಕೋಟೆ ಹೇಳಿತು.

"ನಿಂದೂ ಐತೆ ನೋಡು. ಹದಿನೇಳು. ಎಂಟು ಜನ ಒಪ್ಪವ್ರೆ. ಒಬ್ರು ಕಮ್ಮಿ" ಅಂದ ಬೈಲಪ್ಪ.

ಹದಿನೇಳು ಅವಳದೇ. ಮೊದಲ ಪಟ್ಟಿಯ ಕೊನೆಯಲ್ಲಿ ಖಾಲಿ ಬಿಟ್ಟಿದ್ದ ಗೆರೆಯ ಮೇಲೆ ಅವಳೇ ಬರೆದು ಸೇರಿಸಿದ್ದು: 'ಕುಕ್ಕರಗಾಲಿನಲ್ಲಿ ಕೂತು ಏಳುವಾಗ, ಭಾರ ಎತ್ತುವಾಗ, ಒಳಗಿನಿಂದ ಏನೋ ಜಾರಿ ಇಳಿದಂತೆ ಆಗುತ್ತದೆಯೇ?' ಅಚ್ಚಾಗಿ ಬಂದ ಅರವತ್ತನಾಲ್ಕು ಪ್ರಶ್ನೆಗಳಲ್ಲಿ ಎದೆನೋವಿತ್ತು, ಕೆಮ್ಮಿತ್ತು, ನಿದ್ದೆ ಇತ್ತು, ಹಸಿವಿತ್ತು. ಹೆತ್ತು ಹೆತ್ತು ಗರ್ಭ ಜಾರಿದ ಹೆಂಗಸಿನ ಮಾತು ಒಂದೂ ಇರಲಿಲ್ಲ. ಕಡಲೆಕಾಯಿ ಹೊಲದಲ್ಲಿ ಕೂತು ಕಳೆ ಕೀಳುವವರು, ತಲೆಯ ಮೇಲೆ ಸೌದೆ ಹೊರುವವರು, ಬಾಣಂತಿತನ ಮುಗಿಯುವ ಮೊದಲೇ ಬಿಂದಿಗೆ ಎತ್ತಿದವರು, ಇಂಥವರನ್ನು ಅವಳು ಲೆಕ್ಕವಿಲ್ಲದಷ್ಟು ಕಂಡಿದ್ದಳು. ಯಾರೂ ಹೇಳುವುದಿಲ್ಲ. ಹೇಗಿದ್ದೀಯಾ ಅಂದರೆ ಚೆನ್ನಾಗಿದೀನಿ ಅನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ ಕಾಯಿಲೆಗೆ ಸರ್ಕಾರ ಔಷಧಿಯನ್ನೂ ಕೊಡುವುದಿಲ್ಲ, ಡಾಕ್ಟರನ್ನೂ ಕಳಿಸುವುದಿಲ್ಲ. ಆ ಪ್ರಶ್ನೆ ಉಳಿಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೂ ಒಂದು ಕಾರಣವಿತ್ತು, ಅದನ್ನು ಅವಳು ತನಗೆ ತಾನೂ ಹೇಳಿಕೊಂಡವಳಲ್ಲ.

*

ಪ್ರಶ್ನೆ ಬಿದ್ದುಹೋಗುವ ಹಾಗಾದದ್ದು ಗೌಡಗೆರೆಯಾಚೆಯ ಹಟ್ಟಿಯಿಂದ.

ಪ್ರಶ್ನೆಗಳನ್ನು ನಾಲ್ಕು ತಾಲ್ಲೂಕಿನಲ್ಲಿ ಕೇಳಿ ನೋಡಬೇಕಿತ್ತು. ಶಿರಾ ತಾಲ್ಲೂಕಿನ ಪಾಲಿಗೆ ಈ ಹಟ್ಟಿ ಬಂತು. ಕುರಿ ಕಾಯುವವರ ಹಟ್ಟಿ, ಸುತ್ತ ಜಾಲಿ ಮುಳ್ಳಿನ ಬೇಲಿ, ಬೇಲಿಯಾಚೆ ನೂರು ಹೆಜ್ಜೆಗೆ ಒಂದು ಬೇವಿನ ಮರ, ಮರದ ಕೆಳಗೊಂದು ಗಿಡ್ಡ ಗುಡ್ಲು. ತಿಂಗಳ ಮೂರು ದಿನ ಹಟ್ಟಿಯ ಹೆಂಗಸರು ಒಳಗಿರುವ ಹಾಗಿಲ್ಲ, ಆ ಗುಡ್ಲಿನಲ್ಲಿರಬೇಕು. ಪಟಾಲಮ್ಮನೂ ಒಳಗೆ ಹೋಗುವ ಹಾಗಿಲ್ಲ. ಅವಳದು ಮೂರು ದಿನದ ಮಾತಲ್ಲ, ಹುಟ್ಟಿನ ಮಾತು. ಬೇಡ ಎಂದು ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. ಅವಳು ಮೊದಲ ಸಲ ಬಂದಾಗ ಯಜಮಾನ ಮೂಡಲಗಿರಿಯಪ್ಪ ಮರದ ಕೆಳಗೊಂದು ಚಪ್ಪಟೆ ಕಲ್ಲು ಉರುಳಿಸಿ ಕೊಟ್ಟು, ಕೂರವ್ವ ಇಲ್ಲೇ ಗಾಳಿ ಚೆಂದಾಗಿ ಬರ್ತದೆ ಅಂದಿದ್ದ. ಅಂದಿನಿಂದ ಮಕ್ಕಳನ್ನು ಆ ಕಲ್ಲಿನ ಹತ್ತಿರಕ್ಕೇ ತಂದು ಲಸಿಕೆ ಹಾಕಿಸಿಕೊಂಡು ಹೋಗುತ್ತಿದ್ದರು.

ಹಾಗಾಗಿ ಹಟ್ಟಿಯ ಒಳಗಿನ ಮಾತು ಅವಳಿಗೆ ಗೊತ್ತಿರಲಿಲ್ಲ. ಹೊರಗಿನ ಮಾತೆಲ್ಲ ಗೊತ್ತಿತ್ತು. ಗುಡ್ಲಿನಲ್ಲಿ ಕೂತ ಹೆಂಗಸಿಗೆ ಅತ್ತೆಯ ಕಿವಿ ದೂರ, ಗಂಡನ ಕಣ್ಣು ದೂರ, ಮಾಡಲು ಕೆಲಸವಿಲ್ಲ. ಮಾತಾಡುತ್ತಾಳೆ.

ಕೇಳುವುದು ಪಟಾಲಮ್ಮನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅವರಪ್ಪ ಓಬಳಯ್ಯ ಪದ್ಯದ ಹುಚ್ಚಿನವನು. ಶ್ರಾವಣದಲ್ಲಿ ಗುಡಿಯೊಳಗೆ ಕಾವ್ಯ ಓದಿಸುವಾಗ ಮಗಳನ್ನು ಹೆಗಲ ಮೇಲೆ ಹೊತ್ತು ಹೋಗಿ ಗುಡಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಒಳಗೆ ಕೂತವರಿಗೆ ಓದುವವರ ಶಲ್ಯ, ವೀಳ್ಯದ ತಟ್ಟೆ, ದೀಪ ಎಲ್ಲ ಕಾಣುತ್ತಿತ್ತು. ಹೊರಗೆ ಕೂತವರಿಗೆ ಪದ್ಯ ಬಿಟ್ಟು ಬೇರೆ ಏನೂ ಇರಲಿಲ್ಲ. ಎಲ್ಲಿ ಉಸಿರು ನಿಂತಿತು, ಎಲ್ಲಿ ದನಿ ನಡುಗಿತು, ಅರ್ಥ ಹೇಳುವವನು ಯಾವ ಸಾಲನ್ನು ಹಾರಿಸಿದ, ಎಲ್ಲ ಅವಳ ಅಪ್ಪನಿಗೆ ಗೋಡೆಯಾಚೆಯಿಂದಲೇ ತಿಳಿಯುತ್ತಿತ್ತು. ಅವಳಿಗೂ ಅದೇ ಬಂತು. ಹೆಂಗಸು ಚೆನ್ನಾಗಿದೀನಿ ಅಂದಾಗ ಎಲ್ಲಿ ಉಸಿರು ನಿಂತಿತು ಎಂಬುದು ಅವಳಿಗೆ ಕೇಳಿಸುತ್ತಿತ್ತು.

ಓದು ಬಾರದವರಿಗೆ ಒಂದು, ಎರಡು, ಮೂರು ಎಂದು ಅಳತೆ ಹೇಳಿಸುವುದು ಕಷ್ಟ. ಅದಕ್ಕೆ ಅವಳು ಐದು ಕಡಲೆಕಾಯಿ ಇಟ್ಟುಕೊಂಡಳು. ತೊಂದರೆ ಏನೂ ಇಲ್ಲದಿದ್ದರೆ ಮುಟ್ಟಬೇಡ. ತಡೆಯಲಾರದಷ್ಟಿದ್ದರೆ ಐದನ್ನೂ ನನ್ನ ಕಡೆ ತಳ್ಳು. ನಡುವೆ ಎಷ್ಟಿದೆಯೋ ಅಷ್ಟು. ಹೆಂಗಸರಿಗೆ ಇದು ಆಟದ ಹಾಗಿತ್ತು. ಒಂದು ತಿಂಗಳಲ್ಲಿ ಆರು ಸಲ ಬಂದು ಆ ಮರದ ಕೆಳಗೆ ಇಪ್ಪತ್ತು ಜನರನ್ನು ಕೇಳಿ ಮುಗಿಸಿದಳು.

ನಾಗಕ್ಕ ಅವರಲ್ಲಿ ಒಬ್ಬಳು. ಮೂವತ್ತನಾಲ್ಕೋ ಮೂವತ್ತೈದೋ ವಯಸ್ಸು, ಆರು ಹೆತ್ತವಳು, ನಾಲ್ಕು ಉಳಿದಿದ್ದವು. ಹದಿನೇಳನೆಯದು ಕೇಳಿದಾಗ ಬೇಲಿಯ ಕಡೆ ತಿರುಗಿ ನೋಡಿದಳು. ಆಮೇಲೆ ಒಂದೊಂದಾಗಿ ನಾಲ್ಕು ಕಾಯಿ ತಳ್ಳಿದಳು. ಐದನೆಯದನ್ನು ಸುಲಿದು ಬಾಯಿಗೆ ಹಾಕಿಕೊಂಡಳು.

"ಇದೊಂದು ನಂಗೆ ಬುಡು. ಪೂರ್ತಿ ನಿಂಗೇ ಕೊಟ್ಬುಟ್ರೆ ನಾ ಬದುಕಿರಾದು ಯಾತಕ್ಕೆ?"

ಪಟಾಲಮ್ಮ ಬರೆದುಕೊಂಡಳು. ಮಂಡಲಿಗೆ ಹೋಗುವುದು ಎಷ್ಟು ಜನ ಎಂಬ ಲೆಕ್ಕ ಮಾತ್ರ, ಹೆಸರಲ್ಲ. ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಇದಕ್ಕೆ ಆಪರೇಷನ್ ಇದೆ, ಬಾ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಮೂರು ತಿಂಗಳಿಂದ ಅನ್ನುತ್ತಲೇ ಇದ್ದಳು. ನಾಗಕ್ಕ ಎಂದಿನಂತೆ ತಲೆಯಾಡಿಸಿದಳು.

"ಈ ಮಾತು ಈ ಮರ ದಾಟಬಾರ್ದು ನರ್ಸಮ್ಮ. ನಮ್ಮತ್ತೆಗೆ ಗೊತ್ತಾದ್ರೆ ನನ್ ಗಂಡಂಗೆ ಇನ್ನೊಂದು ತರ್ತಾಳೆ. ದೇವರ ಮೇಲೆ ಆಣೆ ಮಾಡು."

ಪಟಾಲಮ್ಮ ಮಾಡಿದಳು. ಹಗುರಾಗಿ ಆಣೆ ಮಾಡುವವಳಲ್ಲ ಅವಳು.

ಹದಿನೈದು ದಿನ ಬಿಟ್ಟು ಅದೇ ಹೆಂಗಸರನ್ನು ಅದೇ ಪ್ರಶ್ನೆ ಮತ್ತೆ ಕೇಳಿ, ಉತ್ತರ ಎರಡು ಸಲವೂ ಒಂದೇ ಬಂದರೆ ಪ್ರಶ್ನೆ ಗಟ್ಟಿ ಎಂಬುದು ಮಂಡಲಿಯ ಲೆಕ್ಕಾಚಾರ. ಎರಡನೆಯ ಸಲ ಬೇರೆಯವರು ಕೇಳಬೇಕು. ಬೆಂಗಳೂರಿನಿಂದ ಇಬ್ಬರು ಗಂಡಸರು ಜೀಪಿನಲ್ಲಿ ಬಂದರು. ಅವರನ್ನು ಹಟ್ಟಿಯ ಒಳಗೇ ಕರೆದುಕೊಂಡು ಹೋಗಿ ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟರು. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಹೊದ್ದು ಬಂದು ನಿಂತರು. ಪಕ್ಕದಲ್ಲಿ ನಾಗಕ್ಕನ ಅತ್ತೆ ಗಿರಿಯಮ್ಮ ಕೋಲೂರಿ ಕೂತಿದ್ದಳು. ಆಮೇಲೆ ಗುಡ್ಲಿನ ಹತ್ತಿರ ಇದನ್ನೆಲ್ಲ ಹೇಳಿ ನಕ್ಕವಳು ಜುಂಜಮ್ಮ ಅನ್ನುವ ಹುಡುಗಿ. ಹದಿನೇಳು ಬಂದಾಗ ಗಿರಿಯಮ್ಮ ತಾನೇ ಉತ್ತರ ಹೇಳಿದಳಂತೆ:

"ನಮ್ ಹಟ್ಟಿ ಹೆಣ್ಮಕ್ಳು ಕಲ್ಗುಂಡು ಇದ್ದಂಗವ್ರೆ. ಎಲ್ಲಾರ್ಗೂ ಇಲ್ಲ ಅಂತ್ಲೇ ಬರ್ಕಳಿ, ಯಾಕೆ ಸುಮ್ಕೆ ಇಂಕು ಖರ್ಚು ಮಾಡೀರಿ?"

ಮರದ ಕೆಳಗೆ ಇಪ್ಪತ್ತರಲ್ಲಿ ಹನ್ನೊಂದು ಜನ ಕಾಯಿ ತಳ್ಳಿದ್ದರು. ಬೇಲಿಯೊಳಗೆ ಒಬ್ಬಳೂ ಹೌದೆನ್ನಲಿಲ್ಲ.

ಪಟಾಲಮ್ಮ ಎರಡನೆಯ ಲಕೋಟೆಯ ಜೊತೆ ಒಂದು ಪುಟ ಬರೆದು ಕಳಿಸಿದ್ದಳು. ಕೇಳಿದ ಜಾಗ ಬೇರೆಯಾದದ್ದರಿಂದ ಹೀಗಾಯಿತು ಎಂದು, ಯಾರ ಹೆಸರನ್ನೂ ಎತ್ತದೆ. ಮೂರನೆಯ ಲಕೋಟೆಯ ಒಳಗೆ ಅವಳ ಆ ಒಂದು ಪುಟ ಎರಡು ಪದವಾಗಿ ವಾಪಸು ಬಂದಿತ್ತು: 'ಸ್ಥಳ: ಇತರೆ.'

*

ಶಿರಾದಿಂದ ಮಧುಗಿರಿಯ ಬಸ್ಸಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕಿಬ್ಬೊಟ್ಟೆ ಬಿಗಿಹಿಡಿದು, ಅಪ್ಪ ಹೇಳಿಕೊಟ್ಟ ಒಂದು ಪದ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿಂತಳು. ಕಂಡಕ್ಟರು ಮುಂದೆ ನಡೀರಿ ಮುಂದೆ ನಡೀರಿ ಅನ್ನುತ್ತಿದ್ದ. ಮುಂದೆ ಜಾಗವಿರಲಿಲ್ಲ.

ಪ್ರವಾಸಿ ಮಂದಿರದ ಹಜಾರದಲ್ಲಿ ಹಸಿರು ಬಟ್ಟೆ ಹಾಸಿದ ಉದ್ದ ಮೇಜು. ಕಿಟಕಿಯ ತುಂಬ ಬೆಟ್ಟ. ಹತ್ತು ಜನ ಗಂಡಸರು, ಬೆಂಗಳೂರಿನ ಒಬ್ಬ ಲೇಡಿ ಡಾಕ್ಟರು, ಇವಳು. ಅಧ್ಯಕ್ಷರು ಡಾಕ್ಟರ್ ಶಂಕರಲಿಂಗಪ್ಪ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ನಿಧಾನದ ಮನುಷ್ಯ. ಅವರ ಎಡಕ್ಕೆ ಅಂಕಿಅಂಶದ ಗಂಗಹನುಮಯ್ಯ. ಕೊರಟಗೆರೆ ತಾಲ್ಲೂಕು ತೋವಿನಕೆರೆಯವರೇ, ಬೆಂಗಳೂರಿಗೆ ಹೋಗಿ ಲೆಕ್ಕ ಓದಿದವರು. ಇಡೀ ಮಂಡಲಿಯ ನಿಯಮಗಳು ಅವರ ಕೈಬರಹದಲ್ಲೇ ಇದ್ದವು.

ಮೊದಲು ಅಧ್ಯಕ್ಷರು ಒಂದು ಸೂಚನೆ ಕೊಟ್ಟರು. ಪಟ್ಟಿ ಪೂರ್ತಿ ಕೇಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಎಲ್ಲರೂ ಕಣ್ಣಾರೆ ನೋಡಲಿ, ಸಿಸ್ಟರ್ ಅವರನ್ನೇ ಕೇಳಿಬಿಡಿ ಎಂದರು. ಹಟ್ಟಿಗೆ ಹೋಗಿದ್ದ ಇಬ್ಬರಲ್ಲಿ ಒಬ್ಬ, ಮಂಡಲಿಯಲ್ಲೇ ಕಿರಿಯವನಾದ ಕದರಪ್ಪ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಪಾವಗಡದವನು. ಶುರು ಮಾಡುವ ಮುಂಚೆ, ತಮ್ಮ ಊರಿನ ಕಡೆ ಇದನ್ನು ತೆಲುಗಿನಲ್ಲಿ ಕೇಳಲು ಹೋಗಿ ಮುದುಕಿಯರಿಂದ ಪೊರಕೆ ಏಟು ತಪ್ಪಿಸಿಕೊಂಡು ಬಂದ ಕತೆ ಹೇಳಿದ. ಎಲ್ಲರೂ ನಕ್ಕರು. ಆಮೇಲೆ ಒಂದೊಂದಾಗಿ ಕೇಳುತ್ತ ಹೋದ, ಅವಳು ಹೇಳುತ್ತ ಹೋದಳು. ನಿದ್ದೆ? ಸುಮಾರು. ಕೆಮ್ಮು? ಇಲ್ಲ. ಮಂಡಿನೋವು? ಇದೆ. ಹದಿನೇಳು? ಇಲ್ಲ. ಹದಿನೆಂಟು? ಇಲ್ಲ. ಇಪ್ಪತ್ತೆರಡು ನಿಮಿಷ ಹಿಡಿಯಿತು. ಕಾಗದದ ಮೇಲೆ ಅವಳ ಹೆಸರು ಬರೆದು ಕದರಪ್ಪ ಅಧ್ಯಕ್ಷರ ಮುಂದಿಟ್ಟ.

ಐದರಲ್ಲಿ ಮೊದಲನೆಯದೇ ಮಧ್ಯಾಹ್ನದವರೆಗೆ ಎಳೆಯಿತು. 'ಒಂದು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ?' ಎಂದಿತ್ತು. ಮೆಟ್ಟಿಲು ಎಲ್ಲಿ ತರಾನ ಸಾಮೀ ಎಂದು ಹಳ್ಳಿಯವರು ಕೇಳಿದ್ದರಂತೆ. ಮೆಟ್ಟಿಲು ತೆಗೆದು ದಿಣ್ಣೆ ಹಾಕೋಣ ಎಂದರು ಒಬ್ಬರು. ದಿಣ್ಣೆ ಎಂದರೆ ಎಷ್ಟು ಎತ್ತರ ಎಂದರು ಇನ್ನೊಬ್ಬರು. ತುಂಬಿದ ಬಿಂದಿಗೆ ಹೊತ್ತು ನೂರು ಹೆಜ್ಜೆ ಎಂಬಲ್ಲಿಗೆ ಬಂದು ನಿಂತಾಗ ಊಟದ ಹೊತ್ತು ಮೀರಿತ್ತು. ಮಧ್ಯೆ ಎರಡು ಸಲ ಕಾಫಿ ಬಂತು. ಒಬ್ಬ ಡಾಕ್ಟರು ಕೂತಲ್ಲೇ ಕಣ್ಣು ಮುಚ್ಚಿದ್ದರು. ಒಂದು ಮಾತನ್ನು ಹನ್ನೆರಡು ತಲೆಗೆ ಸರಿಹೊಂದಿಸುವುದು ಇಷ್ಟು ಸುಸ್ತಿನ ಕೆಲಸ ಎಂದು ಪಟಾಲಮ್ಮನಿಗೆ ಗೊತ್ತಿರಲಿಲ್ಲ.

ಹದಿನೇಳಕ್ಕೆ ಬಂದದ್ದು ಬಿಸಿಲು ಬೆಟ್ಟದ ಆಚೆಗೆ ವಾಲಿದ ಮೇಲೆ. ಎಲ್ಲರಿಗೂ ಬಸ್ಸಿನ ಯೋಚನೆ ಹತ್ತಿತ್ತು.

ಗಂಗಹನುಮಯ್ಯ ಕನ್ನಡಕ ಒರೆಸಿಕೊಂಡು ಹೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ಇಪ್ಪತ್ತು ಜನ ಹೆಂಗಸರು. ಸಿಸ್ಟರ್ ಕೇಳಿದಾಗ ಹನ್ನೊಂದು ಜನಕ್ಕೆ ತೊಂದರೆ ಇದೆ. ಹದಿನೈದು ದಿನಕ್ಕೆ ಒಬ್ಬರಿಗೂ ಇಲ್ಲ. ಇದು ತಾನಾಗಿ ವಾಸಿಯಾಗೋ ಕಾಯಿಲೆ ಅಲ್ಲ ಅಂತ ಡಾಕ್ಟರುಗಳೇ ಹೇಳ್ತೀರಿ. ಅಂದಮೇಲೆ ಪ್ರಶ್ನೆ ಸರಿಯಿಲ್ಲ, ಇಲ್ಲ ಕೇಳಿದವರು ಸರಿಯಿಲ್ಲ. ಒಂದೇ ಬಾಯಿ ಎರಡು ಉತ್ತರ ಕೊಟ್ಟರೆ ನಾನು ಯಾವುದನ್ನ ಎಣಿಸಲಿ?"

ಲೇಡಿ ಡಾಕ್ಟರು ಪ್ರಶ್ನೆಯ ಪರವಾಗಿ ಮಾತಾಡಿದರು. ಅವರು ಮೊದಲಿನಿಂದಲೂ ಒಂಬತ್ತು ಕೊಟ್ಟವರು. ಅಧ್ಯಕ್ಷರು ಪಟಾಲಮ್ಮನ ಕಡೆ ತಿರುಗಿದರು. ಹನ್ನೊಂದರಲ್ಲಿ ಇಬ್ಬರು ಮೂವರ ಹೆಸರು ಕೊಡಿ ಸಿಸ್ಟರ್, ನಾಳೆ ಬೆಳಿಗ್ಗೆ ಲೇಡಿ ಡಾಕ್ಟರು ಜೀಪಿನಲ್ಲಿ ಹೋಗಿ ಪರೀಕ್ಷೆ ಮಾಡಿಬರಲಿ, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಮುಗಿದುಹೋಗುತ್ತದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಜೀಪು ಬೇವಿನ ಮರ ದಾಟಿ ಬೇಲಿಯ ಬಾಯಲ್ಲಿ ನಿಲ್ಲುವುದು ಪಟಾಲಮ್ಮನ ಕಣ್ಣಿಗೆ ಕಟ್ಟಿತು. ನಾಗಕ್ಕ ಯಾರಮ್ಮ ಎಂದು ಕೇಳುವ ದನಿ. ಕೋಲೂರಿ ಏಳುವ ಗಿರಿಯಮ್ಮ. ಆಮೇಲೆ ಆ ಮರದ ಕೆಳಗೆ ಯಾವ ಹೆಂಗಸೂ ಅವಳ ಹತ್ತಿರ ಬಾಯಿ ಬಿಡುವುದಿಲ್ಲ.

"ಹೆಸರು ಕೊಡಾಕಾಗಲ್ಲ ಸಾರ್" ಅಂದಳು.

"ಯಾಕೆ?"

ಯಾಕೆಂದು ಹೇಳಲು ಇನ್ನೊಂದು ದಾರಿಯಿತ್ತು. ನನ್ನನ್ನು ಹಟ್ಟಿಯ ಒಳಗೆ ಬಿಡುವುದಿಲ್ಲ, ಅದಕ್ಕೇ ಹೊರಗೆ ಕೇಳಿದೆ, ಹೊರಗಾದ್ದರಿಂದಲೇ ಹೇಳಿದರು ಎಂದುಬಿಡಬಹುದಿತ್ತು. ತೋವಿನಕೆರೆಯ ಗಂಗಹನುಮಯ್ಯನಿಗೆ ಅದು ತಿಳಿಯದ ಸಂಗತಿಯೇನಲ್ಲ. ಆದರೆ ಇಷ್ಟು ಜನ ಅಧಿಕಾರಿಗಳ ಮುಂದೆ ಬಾಯಿಂದ ಬಂದ ಮೇಲೆ ಅದು ಕೇಸು. ತಹಸೀಲ್ದಾರರು ಹೋಗಬೇಕು, ಪೊಲೀಸರು ಹೋಗಬೇಕು. ಹೋಗಬೇಕಾದದ್ದೇ ಎಂದು ಅವಳ ಮನಸ್ಸಿನ ಒಂದು ಮೂಲೆ ಅಂದಿತು. ಕಲ್ಲು ಉರುಳಿಸಿ ಕೊಟ್ಟ ದಿನವನ್ನು ಅವಳು ಮರೆತಿರಲಿಲ್ಲ. ಆದರೆ ಆ ಲೆಕ್ಕ ತೀರಿಸುವ ದಿನ ಇದಲ್ಲ. ಹನ್ನೊಂದು ಹೆಂಗಸರ ಮೈ ಅದರ ನಡುವೆ ಸಿಕ್ಕಿಕೊಳ್ಳುತ್ತದೆ.

ಆಗಲ್ಲ ಸಾರ್ ಎಂದಷ್ಟೇ ಮತ್ತೆ ಅಂದಳು. ಅಧ್ಯಕ್ಷರು ಗಡಿಯಾರ ನೋಡಿದರು. ಹಾಗಾದರೆ ಹದಿನೇಳನ್ನು ಕೈಬಿಡುವುದಲ್ಲದೆ ಬೇರೆ ದಾರಿಯಿಲ್ಲ ಎಂದು ಪೆನ್ಸಿಲ್ಲು ಎತ್ತಿಕೊಂಡರು.

ಪಟಾಲಮ್ಮ ಎದ್ದು ನಿಂತಳು. ಏಳುವಾಗ ಮೇಜಿನ ಅಂಚು ಹಿಡಿಯಬೇಕಾಯಿತು.

"ಬೆಳಿಗ್ಗೆ ಕದರಪ್ಪನವರು ನನ್ನ ಕೇಳಿ ತುಂಬಿದ ಕಾಗದ ನಿಮ್ಮ ಮುಂದೇ ಐತೆ ಸಾರ್. ಅದರಲ್ಲಿ ಹದಿನೇಳು ಓದಿ."

ಅಧ್ಯಕ್ಷರು ಹುಡುಕಿ ಓದಿದರು. "ಇಲ್ಲ ಅಂತ ಇದೆ."

ಅವಳು ಚೀಲಕ್ಕೆ ಕೈ ಹಾಕಿದಳು. ಲಸಿಕೆಯ ಪುಸ್ತಕದ ಕೆಳಗೆ, ಮೂಲೆಯಲ್ಲಿ, ಹಟ್ಟಿಯಿಂದ ಉಳಿದುಬಂದ ಕಡಲೆಕಾಯಿ ಇದ್ದವು. ಒಂದೊಂದಾಗಿ ತೆಗೆದು ಹಸಿರು ಬಟ್ಟೆಯ ಮೇಲೆ ಇಟ್ಟಳು. ನಾಲ್ಕು.

"ಹದಿನೆಂಟು ವರ್ಷ ಆಯ್ತು ಸಾರ್. ಮೂರನೇ ಹೆರಿಗೆ ಆಗಿ ಇಪ್ಪತ್ತನೇ ದಿನಕ್ಕೆ ಡ್ಯೂಟಿಗೆ ಬಂದೆ. ಅವತ್ತಿಂದ ಬಟ್ಟೆ ಬಿಗಿದು ಕಟ್ಕೊಂಡು ನಡೀತಿದೀನಿ. ಇವತ್ತು ಬಸ್ಸಲ್ಲೂ ಹಂಗೇ ಬಂದೆ."

ಕಣ್ಣು ಮುಚ್ಚಿದ್ದ ಡಾಕ್ಟರು ಕಣ್ಣು ತೆರೆದಿದ್ದರು. ಕದರಪ್ಪ ನೆಲ ನೋಡುತ್ತಿದ್ದ. ಗಂಗಹನುಮಯ್ಯ ಆ ನಾಲ್ಕು ಕಾಯಿಗಳನ್ನೂ ಎದುರಿನ ಕಾಗದವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಆಮೇಲೆ ಅವರು ಕೇಳಿದ್ದರಲ್ಲಿ ಮರುಕವಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಆಸೆಯಿತ್ತು. ಅದಕ್ಕಾಗಿ ಪಟಾಲಮ್ಮ ಅವರನ್ನು ಮುಂದೆಯೂ ನೆನೆಸಿಕೊಂಡಳು.

"ಹಾಗಾದರೆ ಬೆಳಿಗ್ಗೆ ಇಲ್ಲ ಅಂತ ಯಾಕೆ ಅಂದ್ರಿ?"

"ಇಷ್ಟು ಜನ ಕೂತಿದ್ರಲ್ಲ ಸಾರ್. ನಗ್ತಾ ಇದ್ರಿ. ನಾನು ಯೋಚನೆ ಮಾಡೋದ್ರೊಳಗೆ ಬಾಯೇ ಇಲ್ಲ ಅಂದ್ಬುಡ್ತು. ನಾನು ನರ್ಸು, ಇಂಥವು ನೂರು ನೋಡಿದೋಳು. ಈ ಪ್ರಶ್ನೆ ಬರೆದೋಳೂ ನಾನೇ." ಉಸಿರು ತೆಗೆದುಕೊಂಡಳು. "ನನ್ನ ಬಾಯೇ ಒಂದೇ ದಿನದಲ್ಲಿ ಎರಡು ಉತ್ತರ ಕೊಟ್ಟೈತೆ. ಹಟ್ಟಿ ಹೆಂಗಸರನ್ನ ಯಾಕೆ ಸುಳ್ಳಿಯರು ಅಂತೀರಾ?"

ಗಂಗಹನುಮಯ್ಯ ಬಹಳ ಹೊತ್ತು ಏನೋ ಬರೆದರು. ಪ್ರಶ್ನೆಯಲ್ಲಿ ದೋಷವಿಲ್ಲ, ನಾವು ಕೇಳಿದ ಜಾಗದಲ್ಲಿ ಇದೆ ಎಂದರು. ಇದನ್ನು ಹೆಂಗಸೇ ಹೆಂಗಸನ್ನು, ಮನೆಯಿಂದ ಆಚೆ, ಬೇರೆ ಯಾರೂ ಇಲ್ಲದಾಗ ಕೇಳತಕ್ಕದ್ದೆಂದು ಸೂಚನೆಯಲ್ಲಿ ಸೇರಿಸಿದರೆ ತಾವು ಅಂಕ ಬದಲಾಯಿಸುವುದಾಗಿ ಹೇಳಿದರು. ಚೀಟಿಗಳು ಮತ್ತೊಮ್ಮೆ ಮೇಜು ಸುತ್ತಿ ಬಂದವು. ಅವರು ಮೊದಲು ಕೊಟ್ಟಿದ್ದದ್ದು ನಾಲ್ಕು. ಈಗ ಏಳು ಹಾಕಿದ್ದರು. ಎಂಟೂ ಅಲ್ಲ, ಒಂಬತ್ತೂ ಅಲ್ಲ. ಎಷ್ಟು ಬೇಕೋ ಅಷ್ಟು.

ಒಂಬತ್ತು ಜನ. ಹದಿನೇಳು ಉಳಿಯಿತು.

ಹೊರಗೆ ಟೀ ಕುಡಿಯುವಾಗ ಯಾರೂ ಅವಳ ಹತ್ತಿರ ನಿಲ್ಲಲಿಲ್ಲ. ತಾತ್ಸಾರದಿಂದಲ್ಲ, ಯಾವ ಕಡೆ ನೋಡಬೇಕೆಂದು ತಿಳಿಯದೆ. ಲೇಡಿ ಡಾಕ್ಟರು ಮಾತ್ರ ಬಂದು, ತುಮಕೂರಿನ ತಮ್ಮ ಶಿಷ್ಯೆಗೆ ಚೀಟಿ ಬರೆದುಕೊಡುತ್ತೇನೆ, ಹತ್ತು ದಿನದ ಕೆಲಸ, ಹೋಗಿಬನ್ನಿ ಎಂದು ಕೈಗಿತ್ತರು. ನೋಡೋಣ ಮೇಡಂ, ರಜೆ ಸಿಗಬೇಕು ಅಂದಳು. ಕಾಯಿ ಮೇಜಿನ ಮೇಲೇ ಬಿಟ್ಟುಬಂದದ್ದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಗೆದ್ದ ಹಾಗೆ ಅನ್ನಿಸಲಿಲ್ಲ. ಹದಿನೆಂಟು ವರ್ಷ ಕಟ್ಟಿಕೊಂಡಿದ್ದನ್ನು ಹತ್ತು ಜನ ಗಂಡಸರ ಮುಂದೆ ಬಿಚ್ಚಿ ಬಂದ ಹಾಗೆ ಅನ್ನಿಸಿತು. ಬರುವಾಗ ಸೀಟು ಸಿಕ್ಕಿತು. ಪದ್ಯ ನೆನಪಿಗೆ ಬರಲಿಲ್ಲ.

*

ನಾಗಕ್ಕ ಗುಡ್ಲಿಗೆ ಬಂದದ್ದು ಅದಾಗಿ ಹತ್ತು ಹನ್ನೆರಡು ದಿನಕ್ಕೆ. ಪಟಾಲಮ್ಮ ಬಂದು ಕಲ್ಲಿನ ಮೇಲೆ ಕೂತಳು. ನಾಗಕ್ಕ ಎಂದಿನಂತೆ ಮೂರು ಮಾರು ದೂರದಲ್ಲಿ ನೆಲದ ಮೇಲೆ ಕೂತಿದ್ದಳು. ಇಬ್ಬರನ್ನೂ ಮುಟ್ಟುವವರಿರಲಿಲ್ಲ, ಅವರು ಒಬ್ಬರನ್ನೊಬ್ಬರೂ ಮುಟ್ಟುತ್ತಿರಲಿಲ್ಲ.

"ಮಧುಗಿರೀಲಿ ಏನಾಯ್ತು? ನನ್ ಹೆಸ್ರು ಹೇಳ್ದ್ಯಾ?"

"ಇಲ್ಲ. ಆ ಪ್ರಶ್ನೆ ಉಳೀತು."

"ಮತ್ತೆ ಅವ್ರು ಹೆಂಗೆ ಒಪ್ಪಿದ್ರು?"

"ನಂದು ಹೇಳ್ದೆ."

ನಾಗಕ್ಕ ಅವಳ ಮುಖ ನೋಡಿದಳು. ಆಮೇಲೆ ಅವಳು ಕೂತ ಕಲ್ಲು ನೋಡಿದಳು. ಏಳೆಂಟು ವರ್ಷದಿಂದ ಈ ನರ್ಸಮ್ಮ ಒಂದು ದಿನವಾದರೂ ನೆಲದ ಮೇಲೆ ಕೂತದ್ದುಂಟೇ ಎಂದು ಯೋಚಿಸುತ್ತಿದ್ದ ಹಾಗಿತ್ತು.

"ಅಲ್ಲ ಕಣಮ್ಮ, ಆರು ತಿಂಗ್ಳಿಂದ ಆಸ್ಪತ್ರೆಗೆ ಬಾ ಆಸ್ಪತ್ರೆಗೆ ಬಾ ಅಂತ ನನ್ ಪ್ರಾಣ ತಿಂದ್ಯಲ್ಲ. ನೀನ್ಯಾಕೆ ಹೋಗ್ಲಿಲ್ಲ?"

ಪಟಾಲಮ್ಮನ ಹತ್ತಿರ ಕಾರಣಗಳಿದ್ದವು. ಮಕ್ಕಳು ಚಿಕ್ಕವಿದ್ದವು. ರಜೆ ಇರಲಿಲ್ಲ. ಕುಟುಂಬ ಯೋಜನೆಯ ಆಪರೇಷನ್ನಿಗೆ ಜನ ಕರೆತಾ ಎಂದು ಮೇಲಿನವರು ತಿಂಗಳು ತಿಂಗಳೂ ಲೆಕ್ಕ ಕೇಳುತ್ತಿದ್ದ ವರ್ಷಗಳು ಕಳೆದವು. ಆಮೇಲೆ ಗಂಡ ತೀರಿಕೊಂಡ. ಎಲ್ಲವೂ ನಿಜವೇ. ನಾಗಕ್ಕನೂ ಇಷ್ಟೇ ನಿಜವಾದ ಕಾರಣಗಳನ್ನು ಆರು ತಿಂಗಳಿಂದ ಹೇಳಿದ್ದಳು, ಪಟಾಲಮ್ಮ ಒಂದನ್ನೂ ಒಪ್ಪಿರಲಿಲ್ಲ.

ಬೇಲಿಯಾಚೆ ಯಾರೋ ಕುರಿಮರಿಗಳನ್ನು ಕೂಗಿ ಕರೆಯುತ್ತಿದ್ದರು. ನಾಗಕ್ಕ ಕಡ್ಡಿಯಿಂದ ನೆಲ ಕೆದಕಿದಳು.

"ಕಳ್ಳೆಕಾಯಿ ಕಿತ್ತಾದ್ಮೇಲೆ ಹೋಗಾನ. ನೀನು ತೋರಿಸ್ಕಂಡ್ರೆ ನಾನೂ ತೋರಿಸ್ಕಂತೀನಿ. ಒಬ್ಳೇ ಆದ್ರೆ ನಾ ಬರಾಕಿಲ್ಲ."

"ನಿಮ್ಮತ್ತೆಗೆ ಏನಂತೀಯ?"

"ಕಣ್ಣು ಮಬ್ಬಾಗದೆ ಅಂತೀನಿ."

"ಕಣ್ಣಿಗೆ ಹತ್ತು ದಿನ ಇರಿಸ್ಕಂತಾರಾ?"

"ಎರಡು ಕಣ್ಣಲ್ವಾ?" ಅಂದಳು ನಾಗಕ್ಕ.

ಪಟಾಲಮ್ಮನಿಗೆ ನಗು ಬಂತು. ನಕ್ಕರೆ ಕಿಬ್ಬೊಟ್ಟೆ ಎಳೆಯಿತು, ತಡೆದುಕೊಂಡಳು. ಚೀಲದಿಂದ ಡೈರಿ ತೆಗೆದು ಕಡಲೆಕಾಯಿ ಸುಗ್ಗಿ ಮುಗಿಯುವ ವಾರ ಯಾವುದೆಂದು ಲೆಕ್ಕ ಹಾಕಿ, ಆ ಹಾಳೆಯ ಮೇಲೆ ರಜೆ ಎಂದು ಬರೆದಳು. ಹೊಡೆದುಹಾಕಲಾಗದಂತೆ ಒತ್ತಿ ಬರೆದಳು. ಕೆಳಗೆ ಎರಡು ಟಿಕೆಟ್ಟು ಎಂದೂ ಬರೆದಳು. ಲೇಡಿ ಡಾಕ್ಟರು ಕೊಟ್ಟ ಚೀಟಿ ಆ ಹಾಳೆಯ ನಡುವೆಯೇ ಇತ್ತು. ಆಮೇಲೆ ಕಲ್ಲಿನ ಅಂಚಿಗೆ ಕೈಯೂರಿ ಎದ್ದಳು. ಇನ್ನೂ ಎರಡು ಊರು ಬಾಕಿ ಇದ್ದವು.

"ನಿಧಾನಕ್ಕೆ" ಅಂದಳು ನಾಗಕ್ಕ, ಕೂತಲ್ಲಿಂದಲೇ.